ಹತ್ತರಲ್ಲಿ ಒಂದು ಪಾಲು

ಮುಂಬಯಿ
12 ಫೆಬ್ರುವರಿ 2024

ಸುನಿತಾ,

ಇನ್ನು ಮೇಲೆ ಫೋನು ಮಾಡಬೇಡ ಎಂದು ನೀನು ಹೇಳಿ ಹದಿನಾಲ್ಕು ತಿಂಗಳಾಯಿತು. ಮಾಡಿಲ್ಲ. ಕಾಗದ ಬರೆಯಬೇಡ ಎಂದು ಹೇಳಿರಲಿಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅವ್ವನ ಮಣ್ಣಿಗೆ ನಾನು ಬರಲಿಲ್ಲ. ಪರದೇಶದಲ್ಲಿ ಸಭೆಯಿತ್ತು. ನಡುವೆ ಎದ್ದು ಬರಬಹುದಿತ್ತು, ಬರಲಿಲ್ಲ. ನಿನ್ನ ಗಂಡ ಮನೋಹರ ಮೊಬೈಲು ಎತ್ತಿ ಹಿಡಿದು ತೋರಿಸುತ್ತಿದ್ದಾಗ ನೀನು ಅದನ್ನು ಕಸಿದುಕೊಂಡು, "ಟೀವಿ ನೋಡಿದಂಗ ನೋಡಾಕತ್ತೀಯಲ್ಲ, ಅವ್ವ ಆಕಿ. ಇನ್ನ ಮ್ಯಾಲೆ ಫೋನ್ ಮಾಡಬ್ಯಾಡ" ಎಂದೆ. ನೀನು ಅಂದದ್ದು ಸರಿ. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ಈಗ ಒಂದು ಕೆಲಸದ ಮಾತು. ನನ್ನ ನೌಕರಿ ಏನೆಂದು ಕೇಳಿದವರಿಗೆ ಅವ್ವ, "ನಮ್ಮ ದೊಡ್ಡಾಕಿ ಹಾಲು ಹಿಟ್ಟು ಪರೀಕ್ಷಾ ಮಾಡ್ತಾಳ" ಎನ್ನುತ್ತಿದ್ದಳು. ಹೆಚ್ಚುಕಡಿಮೆ ಅಷ್ಟೇ. ಎಲ್ಲೋ ಒಂದು ಅಣುಸ್ಥಾವರ ಒಡೆದರೆ ವಿಕಿರಣದ ಧೂಳು ಹುಲ್ಲಿನ ಮೇಲೆ ಬೀಳುತ್ತದೆ, ಆ ಹುಲ್ಲನ್ನು ಆಕಳು ಮೇಯುತ್ತದೆ, ಅಲ್ಲಿಂದ ಹಾಲಿಗೆ ಬರುತ್ತದೆ. ನಲವತ್ತು ವರ್ಷ ಕಳೆದರೂ ಆ ನೆಲದಿಂದ ಅದು ಪೂರ್ತಿ ಹೋಗುವುದಿಲ್ಲ. ಅಂಥ ಹಾಲನ್ನು ಒಂದು ದೇಶ ಇನ್ನೊಂದು ದೇಶಕ್ಕೆ ಕಳಿಸಬಹುದೆ, ಎಷ್ಟು ವಿಕಿರಣ ಇದ್ದರೆ ಕಳಿಸಬಹುದು ಎಂದು ಜಗತ್ತಿಗೆಲ್ಲ ಒಂದು ಮಿತಿ ಇದೆ. ಅದನ್ನು ಮತ್ತೊಮ್ಮೆ ಪರಿಶೀಲಿಸಲು ಒಂದು ಸಮಿತಿ ಮಾಡಿದ್ದಾರೆ. ನಮ್ಮ ದೇಶದಿಂದ ಹೋಗುವ ಮೂವರಲ್ಲಿ ನಾನೊಬ್ಬಳು.

ಆ ಮಿತಿ ನಿಂತಿರುವುದು ಒಂದು ಅಂದಾಜಿನ ಮೇಲೆ. ಮಗು ವರ್ಷಕ್ಕೆ ಇನ್ನೂರು ಕಿಲೊ ಆಹಾರ ತಿನ್ನುತ್ತದೆ, ಅದರಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಹೊರಗಿನ ಅಂಥ ನೆಲದಿಂದ ಬಂದದ್ದು, ಉಳಿದ ಒಂಬತ್ತು ಪಾಲು ಶುದ್ಧ ಎಂದು ಹಿಡಿದಿದ್ದಾರೆ. ಯಾವ ಊರಿನ ಮಕ್ಕಳನ್ನು ನೋಡಿ ಹಾಗೆ ಹಿಡಿದರೋ, ನಮ್ಮ ಕಡೆಯ ಊರಂತೂ ಆ ಕೋಷ್ಟಕದಲ್ಲಿ ಇಲ್ಲ. ನೀನು ಅಂಗನವಾಡಿ ಟೀಚರು. ದಿನಾ ಮಕ್ಕಳ ತೂಕ ನೋಡುವವಳು. ಎರಡು ವಾರ ನಿನ್ನ ಮಕ್ಕಳು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಅದು ಎಲ್ಲಿಂದ ಬಂದದ್ದು ಎಂದು ಬರೆದು ಕಳಿಸುತ್ತೀಯಾ?

ನಿನ್ನ ಮಗಳು ಮೇಘಾ ನಡೆಯುತ್ತಾಳೆಯೇ? ಫೋಟೋ ಬೇಡ, ಬರೆದರೆ ಸಾಕು.

ನಿನ್ನ ಅಕ್ಕ,
ರೋಹಿಣಿ


ಹಿರೇವಡ್ಡಟ್ಟಿ
17 ಮಾರ್ಚ್ 2024

ಅಕ್ಕಾ,

ಕಾಗದ ಮುಟ್ಟಿತು. ಅವ್ವನ ವಿಷಯಕ್ಕೆ ಆರು ಸಾಲು, ಹಾಲಿನ ವಿಷಯಕ್ಕೆ ಒಂದು ಪುಟ.

ನೀನು ಕೇಳಿದ್ದನ್ನು ಮಾಡಿದ್ದೇನೆ. ನಿನಗಾಗಿ ಅಲ್ಲ. ಈ ಮಕ್ಕಳು ಏನು ತಿನ್ನುತ್ತವೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ, ಎಷ್ಟು ತೂಕ ಏರಿದವು ಎಂದಷ್ಟೇ ಕೇಳುತ್ತಾರೆ.

ನಮ್ಮ ಅಂಗನವಾಡಿಯಲ್ಲಿ ಮೂವತ್ತೊಂದು ಮಕ್ಕಳು. ಇಪ್ಪತ್ತೆರಡು ಗಟ್ಟಿ ಇದ್ದಾವೆ. ರೊಟ್ಟಿ, ಬ್ಯಾಳಿ, ನುಚ್ಚು, ಶೇಂಗಾ, ಕೊಟ್ಟದ್ದನ್ನು ತಿನ್ನುತ್ತವೆ. ಉಳಿದ ಒಂಬತ್ತು ತೂಕ ಕಡಿಮೆ ಇರುವವು. ಕಳೆದ ದಸರೆಯಿಂದ ಅವಕ್ಕೆ ಬೇರೆ ಹಾಲಿನ ಪುಡಿ ಬರುತ್ತದೆ. ಪರದೇಶದ ಯಾವುದೋ ದಾನ ಸಂಸ್ಥೆ ಕೊಡುವುದಂತೆ. ಮುಂಜಾನೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ, ಮನೆಗೆ ಒಂದು ಪೊಟ್ಟಣ. ಊರಲ್ಲಿ ಹಾಲಿಲ್ಲ ಎಂದಲ್ಲ. ಎಮ್ಮೆ ಇದ್ದವರ ಹಾಲು ಸೂರ್ಯ ಏಳುವುದರೊಳಗೆ ಕ್ಯಾನು ತುಂಬಿ ಮುಂಡರಗಿಗೆ ಹೋಗುತ್ತದೆ. ಎಮ್ಮೆ ಇಲ್ಲದವರ ಮನೆಯ ಮಕ್ಕಳೇ ಈ ಒಂಬತ್ತು.

ಇವು ರೊಟ್ಟಿ ಜಗಿಯುವುದಿಲ್ಲ, ಜಗಿದರೂ ಉಗುಳುತ್ತವೆ. ಹೊಟ್ಟೆಗೆ ಇಳಿಯುವುದು ಹೆಚ್ಚಾಗಿ ಈ ಹಾಲೇ. ಎರಡು ವಾರ ಲೋಟ ಅಳೆದು, ಬಿಟ್ಟದ್ದನ್ನು ಕಳೆದು ಬರೆದಿದ್ದೇನೆ. ಹಾಳೆ ಇದರ ಜೊತೆ ಇದೆ. ನಿನ್ನ ಸಮಿತಿಯವರು ಹತ್ತರಲ್ಲಿ ಒಂದು ಪಾಲು ಅಂದರಲ್ಲ, ಈ ಒಂಬತ್ತು ಮಕ್ಕಳಿಗೆ ಹತ್ತರಲ್ಲಿ ಏಳು ಪಾಲು ಆ ಪುಡಿಯ ಚೀಲದಿಂದಲೇ ಬರುತ್ತದೆ. ಹುಲಗಪ್ಪನ ಮಗಳಿಗೆ ಹತ್ತರಲ್ಲಿ ಎಂಟು.

ಮುದುಕವ್ವ ಎಂದು ಒಬ್ಬಾಕೆ ಇದ್ದಾಳೆ. ಮಗ ಸೊಸೆ ಗೋವಾಕ್ಕೆ ದುಡಿಯಲು ಹೋಗಿದ್ದಾರೆ, ಅವಳಿ ಮೊಮ್ಮಕ್ಕಳನ್ನು ಸಾಕುವವಳು ಆಕೆಯೇ. ನಾನು ಲೋಟ ಅಳೆಯುವುದನ್ನು ನೋಡಿ, "ಏನ್ ಸುನಿತವ್ವಾ, ಕುಡದ ಹಾಲನ್ನೂ ಲೆಕ್ಕಾ ಇಡಾಕ ಹತ್ತೀಯಲ್ಲ, ಕಡಿಮಿ ಮಾಡ್ತಾರೇನ?" ಎಂದು ಕೇಳಿದಳು. "ಇಲ್ಲಬೇ, ನಮ್ಮಕ್ಕ ರೋಹಿಣಿ ದೊಡ್ಡ ಆಫೀಸರು, ಆಕಿ ಕೇಳ್ಯಾಳ, ಚಲೋದಕ್ಕ ಐತಿ" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ.

ಒಂಬತ್ತರಲ್ಲಿ ಒಂದು ಮೇಘಾ. ಎರಡು ವರ್ಷ ಮೂರು ತಿಂಗಳು, ಎಂಟು ಕಿಲೊ ನಾನೂರು. ಮದುವೆಯಾಗಿ ಹದಿನಾರು ವರ್ಷಕ್ಕೆ, ಅದೂ ಏಳು ತಿಂಗಳಿಗೇ ಹುಟ್ಟಿದ ಮಗು, ನಿನಗೆ ಗೊತ್ತೇ ಇದೆ. ನಡೆಯುತ್ತಾಳೆ. ಬೇಗ ದಣಿಯುತ್ತಾಳೆ.

ಸುನಿತಾ


ಪರದೇಶದಿಂದ
26 ಏಪ್ರಿಲ್ 2024

ಸುನಿ,

ಸಭೆ ನಿನ್ನೆ ಮುಗಿಯಿತು. ಹೋಟೆಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ಹಾಳೆಯನ್ನು ಇಂಗ್ಲಿಷಿಗೆ ಮಾಡಿ ಎಲ್ಲರಿಗೂ ಹಂಚಿದೆ. ಮೂರನೆಯ ದಿನ ನನಗೆ ಮಾತಾಡಲು ಸಮಯ ಸಿಕ್ಕಿತು. ಹತ್ತರಲ್ಲಿ ಒಂದು ಎಂಬುದು ನಾನಾ ಕಡೆಯ ಆಹಾರ ಕೊಂಡು ತಿನ್ನುವವರ ಲೆಕ್ಕ, ಒಂದೇ ಚೀಲದ ಮೇಲೆ ಬದುಕುವ ಮಗುವಿಗೆ ಅದು ಹೊಂದುವುದಿಲ್ಲ, ದುರ್ಬಲ ಮಕ್ಕಳಿಗೆಂದು ಕಳಿಸುವ ಪುಡಿಗೆ ಬೇರೆ, ಕಡಿಮೆ ಮಿತಿ ಬೇಕು ಎಂದೆ. ಸ್ಪಷ್ಟವಾಗಿಯೇ ಹೇಳಿದೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ. ಪೂರ್ತಿ ಕೇಳಿದ ಮೇಲೆ, "ಒಟ್ಟು ಎಷ್ಟು ಮಕ್ಕಳ ಲೆಕ್ಕ ಇದು?" ಎಂದರು. ಒಂಬತ್ತು ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅದು ಕೆಟ್ಟ ನಗುವೂ ಅಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುತ್ತಾರಲ್ಲ, ಹಾಗೆ. ಹಾಲು ಮಾರುವ ದೇಶದ ಒಬ್ಬಾಕೆ ಎದ್ದು, ಮಿತಿ ಇಳಿಸಿದರೆ ದಾನದ ಪುಡಿಯೇ ನಿಂತುಹೋದೀತು, ಆಗ ಆ ಒಂಬತ್ತು ಮಕ್ಕಳು ಏನು ಕುಡಿಯುತ್ತವೆ ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕೊನೆಗೆ, ವಿಕಿರಣ ಅಳೆಯುವ ಬೆಕೆರೆಲ್ ಲೆಕ್ಕದಲ್ಲಿ, ಕಿಲೊಗೆ ಸಾವಿರ ಎಂಬ ಹಳೆಯ ಅಂಕಿಯೇ ಉಳಿಯಿತು. ಕಲಸಿ ಕುಡಿಯಲು ಸಿದ್ಧವಾದ ಒಂದು ಕಿಲೊ ಹಾಲಿನಲ್ಲಿ ಅಷ್ಟು ಇರಬಹುದು. ನನ್ನ ಮಾತಿಗೆ ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿದ್ದಾರೆ. ಯಾವುದೇ ದೇಶ ತನ್ನ ಮಕ್ಕಳ ಆಹಾರವನ್ನು ನೋಡಿ, ಬೇಕೆಂದರೆ, ಬೇರೆ ಅಂಕಿ ಇಟ್ಟುಕೊಳ್ಳಬಹುದು ಎಂದು. ನಮ್ಮ ದೇಶ ಇಟ್ಟುಕೊಳ್ಳುವುದಿಲ್ಲ, ಅದು ನನಗೆ ಗೊತ್ತು.

ಅಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿಯಿಲ್ಲ. "ಯಾರದಾದರೂ ವಿರೋಧ ಇದೆಯೇ?" ಎಂದು ಅಧ್ಯಕ್ಷರು ಕೇಳುತ್ತಾರೆ. ಯಾರೂ ಏಳದಿದ್ದರೆ ಅಂಗೀಕಾರ. ಕೇಳುವಾಗ ನನ್ನ ಕಡೆಗೇ ನೋಡಿದರು. ನನ್ನ ಪಕ್ಕದಲ್ಲಿ ನಮ್ಮ ತಂಡದ ಮುಖ್ಯಸ್ಥರಿದ್ದರು. ನಾನು ಏಳಲಿಲ್ಲ.

ಅಡಿಟಿಪ್ಪಣಿ ಸಣ್ಣದಲ್ಲ, ಸುನಿ. ಮುಂದೆ ಯಾರಾದರೂ ಅದನ್ನು ಹಿಡಿದು ಮಾತಾಡಬಹುದು.

ರೋಹಿಣಿ


ಹಿರೇವಡ್ಡಟ್ಟಿ
19 ಮೇ 2024

ಅಕ್ಕಾ,

ಒಂಬತ್ತು ಮಕ್ಕಳನ್ನು ಒಯ್ದು ಒಂದು ಅಡಿಟಿಪ್ಪಣಿ ಮಾಡಿಕೊಂಡು ಬಂದೆ.

ಮುಂದೆ ಯಾರಾದರೂ ಮಾತಾಡಬಹುದು ಎಂದು ಬರೆದಿದ್ದೀಯ. ಅಲ್ಲಿ ನೀನು ಕೂತಿದ್ದೆಯಲ್ಲ? ಇನ್ಯಾರು ಬರಬೇಕಿತ್ತು? ಅಪ್ಪನ ಕಣ್ಣು ಹೋದಾಗ ನಾನು ಹತ್ತನೆಯ ಇಯತ್ತೆ ಮುಗಿಸಿ ಓದು ಬಿಟ್ಟು ಬೆಟಗೇರಿಯ ಮನೆಯಲ್ಲಿ ಅವ್ವನ ಜೊತೆ ಮಗ್ಗದ ಕುಣಿಗೆ ಇಳಿದೆ. ನೀನು ಧಾರವಾಡದಲ್ಲಿ ಓದುತ್ತಿದ್ದೆ. "ಆಕಿ ಕಲೀಲಿ, ನಾಳೆ ನಮ್ಮ ಪರವಾಗಿ ನಾಕ ಮಂದ್ಯಾಗ ನಿಂತು ಮಾತಾಡ್ತಾಳ" ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಬದುಕಿದ್ದರೆ ಇವತ್ತು ಅವನಿಗೆ ಏನು ಹೇಳಲಿ ನಾನು? ನಾಕು ಮಂದಿಯಲ್ಲಿ ಕೂತು ಬಂದಳು ಎಂದೇ?

ಇನ್ನು ಈ ವಿಷಯ ಬರೆಯಬೇಡ. ಪುಡಿ ಬರುತ್ತಿದೆ, ಮಕ್ಕಳು ಕುಡಿಯುತ್ತಿದ್ದಾವೆ. ಮೇಘಾ ಒಂಬತ್ತು ಕಿಲೊ ಆಗಿದ್ದಾಳೆ.

ಸುನಿತಾ


ಮುಂಬಯಿ
9 ಸೆಪ್ಟೆಂಬರ್ 2024

ಸುನಿ,

ಬರೆಯಬೇಡ ಎಂದು ನೀನು ಹೇಳಿದ್ದೆ. ಇದೊಂದು ಸಲ ಓದು, ಓದಿ ಸುಟ್ಟುಬಿಡು.

ಕಳೆದ ತಿಂಗಳು ಬಂದರಿಗೆ ಹೊಸ ಪುಡಿ ಬಂತು. ಅದೇ ದಾನ ಸಂಸ್ಥೆಯದು, ಆದರೆ ಪುಡಿ ಮಾಡಿದ ದೇಶ ಬೇರೆ. ಮಾದರಿ ನನ್ನ ಪ್ರಯೋಗಾಲಯಕ್ಕೇ ಬಂತು. ಕಲಸಿದ ಹಾಲಿನಲ್ಲಿ ಕಿಲೊಗೆ ಆರುನೂರ ನಲವತ್ತು ಸಿಕ್ಕಿತು. ನಂಬದೆ ಮೂರು ಸಲ ನೋಡಿದೆ. ಇದುವರೆಗೆ ಬಂದ ಪುಡಿಯಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಆದರೆ ಮಿತಿ ಸಾವಿರ. ಮಿತಿಯೊಳಗಿದೆ, ಸೇವನೆಗೆ ಯೋಗ್ಯ ಎಂದು ಪ್ರಮಾಣಪತ್ರ ಬರೆದು ಸಹಿ ಮಾಡಿದೆ. ಬೇರೇನೂ ಬರೆಯಲು ನನಗೆ ಅಧಿಕಾರವಿರಲಿಲ್ಲ.

ಚೀಲಗಳು ಎಲ್ಲಿಗೆ ಹೋಗುತ್ತವೆ ಎಂಬ ಪಟ್ಟಿಯಲ್ಲಿ ಗದಗ ಜಿಲ್ಲೆಯ ಹೆಸರಿದೆ.

ಹೆದರಬೇಡ. ಕುಡಿದ ಕೂಡಲೇ ಏನೂ ಆಗುವುದಿಲ್ಲ. ಎಷ್ಟೋ ಸಾವಿರ ಮಕ್ಕಳು ವರ್ಷಗಟ್ಟಲೆ ಕುಡಿದರೆ, ಮುಂದೆ ಎಂದೋ ಅವರಲ್ಲಿ ಒಬ್ಬರಿಗೆ ರೋಗ ಬರಬಹುದು. ಅಪಾಯ ಬಹಳ ಸಣ್ಣದು, ಇದನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಆದರೂ ನೀನು ಕಳಿಸಿದ ಹಾಳೆಯ ಪ್ರಕಾರ ಲೆಕ್ಕ ಹಾಕಿದರೆ ನಿನ್ನ ಮಕ್ಕಳ ಹೊಟ್ಟೆಗೆ ಹೋಗುವುದು ಮಿತಿ ಮಾಡುವಾಗ ಅಂದಾಜಿಸಿದ್ದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು.

ಮೇಘಾಳಿಗೆ ಅದನ್ನು ಕೊಡಬೇಡ. ಹೇಗಾದರೂ ಮಾಡಿ ಎಮ್ಮೆಯ ಹಾಲು ಕೊಡಿಸು.

ರೋಹಿಣಿ


ಹಿರೇವಡ್ಡಟ್ಟಿ
30 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಕಾಗದವನ್ನು ಅಂಗನವಾಡಿಯಲ್ಲೇ ಓದಿದೆ. ಎದುರಿಗೆ ಒಂಬತ್ತು ಲೋಟ ಇದ್ದವು. ನಮ್ಮ ಆಯಾ ಅನ್ನಪೂರ್ಣವ್ವ ಆಗಷ್ಟೇ ಹೊಸ ಚೀಲ ಬಿಚ್ಚಿ ಹಾಲು ಕಲಸಿ ಇಟ್ಟಿದ್ದಳು.

ಮೇಘಾಳಿಗೆ ಕೊಡಬೇಡ ಎಂದು ಬರೆದಿದ್ದೀಯ. ಕಾಗದವನ್ನು ಎರಡು ಸಲ ತಿರುವಿ ನೋಡಿದೆ, ಉಳಿದ ಎಂಟು ಮಕ್ಕಳ ಬಗ್ಗೆ ಎಲ್ಲಾದರೂ ಬರೆದಿರಬಹುದು ಎಂದು. ಇರಲಿಲ್ಲ. ಆ ಎಂಟೂ ಹೆಸರು ನಿನಗೆ ಗೊತ್ತು. ನಾನೇ ಬರೆದು ಕಳಿಸಿದ್ದೆ, ಅವು ಬಿಟ್ಟ ಹಾಲಿನ ಸಮೇತ. ಜಗತ್ತಿಗೆಲ್ಲ ಒಂದು ಕಾಗದ, ತಂಗಿಗೆ ಒಂದು ಕಾಗದ. ಎರಡಕ್ಕೂ ಒಂದೇ ಕೈಯ ಸಹಿ.

ನಾನು ಒಂಬತ್ತೂ ಲೋಟ ಹಿತ್ತಲಿಗೆ ಒಯ್ದು ಚೆಲ್ಲಿದೆ. ಅನ್ನಪೂರ್ಣವ್ವ ಬಾಯಿ ತೆರೆದು ನಿಂತಳು. "ಯಾಕ್ರೀ ಟೀಚರ್, ಏನಾತು?" ಎಂದಳು. "ವಾಸನಿ ಬಂದೈತಿ, ಕೆಟ್ಟೈತಿ" ಎಂದೆ. ಚೀಲಗಳಿಗೆ ದಾರ ಕಟ್ಟಿ ಒಳಕೋಣೆಗೆ ಹಾಕಿ ಬೀಗ ಹಾಕಿದೆ. ಮೂಸಿ ನೋಡಿದಾಗ ಆಕೆಗೆ ವಾಸನೆ ಬಂದಿರಲಿಲ್ಲ. ಆದರೂ ನನ್ನ ಮೇಲಿನ ಗೌರವಕ್ಕೆ ಲೋಟ ತೊಳೆದಿಟ್ಟಳು.

ಅದು ನಾಲ್ಕು ದಿನ ನಡೆಯಿತು. ಐದನೆಯ ದಿನ ಮುದುಕವ್ವ ಅವಳಿಗಳನ್ನು ಎರಡೂ ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಏನವ್ವಾ, ಆ ಹಾಲು ನಿಮ್ಮಪ್ಪ ಕಳಸ್ಯಾನೇನ? ಹುಡುಗೂರ ಬಾಯಾಗಿಂದು ಕಸಗೊಂಡು ಬೀಗಾ ಹಾಕೀಯಲ್ಲ, ಯಾರಿಗೆ ಮಾರಾಕ?" ಎಂದಳು. ಹಿಂದೆ ಹುಲಗಪ್ಪನ ಹೆಂಡತಿ ಇದ್ದಳು, ಪುಟ್ಟ ಶಾಹಬಾಜನ ತಾಯಿ ಇದ್ದಳು. ಯಾರೂ ನನ್ನ ಪರವಾಗಿ ಮಾತಾಡಲಿಲ್ಲ. ಮೇಲಿನವರಿಗೆ ಅರ್ಜಿ ಹೋಗಿದೆ. ವಿಚಾರಣೆಗೆ ಗದಗಿನಿಂದ ಸಾಹೇಬರು ಬರುತ್ತಾರಂತೆ.

ಈ ವಿಷಯದಲ್ಲಿ ನಿನ್ನ ಹೆಸರು ಯಾರಿಗೂ ಹೇಳಿಲ್ಲ, ಮನೆಯಲ್ಲಿ ಇವರಿಗೂ ಹೇಳಿಲ್ಲ. ನನಗೆ ಒಂದೇ ಒಂದು ಸಾಲು ಬರೆದುಕೊಡು, ನಿನ್ನ ಆಫೀಸಿನ ಸಿಕ್ಕಾ ಹಾಕಿ. ತೂಕ ಕಡಿಮೆ ಇರುವ ಮಕ್ಕಳಿಗೆ ಈ ಪುಡಿ ಬೇಡ ಎಂದು. ಪುಡಿ ಕೆಟ್ಟಿದೆ ಎಂದು ಬರೆಯಬೇಕಿಲ್ಲ. ನಿಮ್ಮ ಆ ಅಡಿಟಿಪ್ಪಣಿಯಲ್ಲಿ ಇರುವುದನ್ನಷ್ಟೇ ಬರೆ.

ಜಲ್ದಿ ಬರೆ.

ಸುನಿತಾ


ಮುಂಬಯಿ
18 ಅಕ್ಟೋಬರ್ 2024

ಸುನಿ,

ಹತ್ತು ದಿನ ಈ ಕಾಗದವನ್ನು ಬರೆದು ಹರಿದೆ.

ನೀನು ಕೇಳಿದ ಸಾಲನ್ನು ನಾನು ಕೊಡಲಾರೆ. ಪ್ರಮಾಣಪತ್ರ ಕೊಟ್ಟವಳೇ ಅದಕ್ಕೆ ವಿರುದ್ಧವಾಗಿ ಇನ್ನೊಂದು ಕಾಗದ ಕೊಟ್ಟರೆ ಪ್ರಶ್ನೆ ಒಂದು ಊರಿಗೆ ನಿಲ್ಲುವುದಿಲ್ಲ. ಹನ್ನೆರಡು ಜಿಲ್ಲೆಗಳಿಗೆ ಆ ಪುಡಿ ಹೋಗಿದೆ. ಎಲ್ಲ ಕಡೆ ನಿಲ್ಲಿಸುತ್ತಾರೆ. ಅದರ ಬದಲಿಗೆ ಕೊಡಲು ಯಾರ ಬಳಿಯೂ ಏನೂ ಇಲ್ಲ. ಪತ್ರಿಕೆಗಳಲ್ಲಿ ಬಂದರೆ ಜನ ಒಳ್ಳೆಯ ಪುಡಿಯನ್ನೂ ಮುಟ್ಟುವುದಿಲ್ಲ. ಹಸಿವೆಯಿಂದ ಸಾಯುವ ಮಕ್ಕಳ ಸಂಖ್ಯೆ ಆಗ ಎಷ್ಟಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೇನೆ. ಆ ಲೆಕ್ಕ ತಪ್ಪಲ್ಲ.

ಇದನ್ನೆಲ್ಲ ಬರೆದ ಮೇಲೆ ಓದಿದೆ. ಎಲ್ಲವೂ ನಿಜವೇ. ಆದರೆ ನಾನು ಬರೆದುಕೊಡದಿರುವುದು ಇದರಿಂದಲ್ಲ. ನನಗೆ ಹೆದರಿಕೆ.

ವಿಚಾರಣೆಯಲ್ಲಿ ಪುಡಿ ಕೆಟ್ಟಿತೆಂದು ತಪ್ಪು ತಿಳಿದೆ ಎಂದು ಒಪ್ಪಿಕೊಂಡುಬಿಡು. ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಮೇಘಾಳಿಗೆ ಮಾತ್ರ ಮನೆಯಲ್ಲೇ ಬೇರೆ ಹಾಲು ಕೊಡು.

ಹಳೆಯ ಕಾಗದ ಸುಟ್ಟಿದ್ದೀಯಾ?

ರೋಹಿಣಿ


ಮುಂಬಯಿ
2 ಡಿಸೆಂಬರ್ 2024

ಸುನಿ,

ನಿನ್ನಿಂದ ಸುದ್ದಿಯಿಲ್ಲ. ವಿಚಾರಣೆ ಆಯಿತೇ? ಮನೋಹರನ ನಂಬರಿಗೆ ಫೋನು ಮಾಡಿದ್ದೆ, ಮಾಡಬಾರದಿತ್ತು. ಎತ್ತಿ, "ಆಕಿ ಮಾತಾಡೂದಿಲ್ಲಂತ್ರಿ ಅಕ್ಕಾರ" ಎಂದು ಇಟ್ಟ. ಮೇಘಾಳ ತೂಕ ಎಷ್ಟಿದೆ ಎಂದು ಕೇಳುವುದರೊಳಗೆ ಕಟ್ಟಾಯಿತು.

ಒಂದು ಸಾಲಾದರೂ ಬರೆ.

ರೋಹಿಣಿ


ಹಿರೇವಡ್ಡಟ್ಟಿ
14 ಜನವರಿ 2025

ಅಕ್ಕಾ,

ಕೇಳಿದ್ದೀಯ, ಬರೆಯುತ್ತೇನೆ. ಇದಕ್ಕೆ ಉತ್ತರ ಬರೆಯುವುದು ಬೇಡ.

ವಿಚಾರಣೆ ನವೆಂಬರ್ ಆರಕ್ಕೆ ಆಯಿತು, ಶಾಲೆಯ ವರಾಂಡದಲ್ಲಿ. ಉಳವಪ್ಪ ಎಂಬ ಸಾಹೇಬರು ಬಂದಿದ್ದರು. ಕೆಟ್ಟವರಲ್ಲ, ನನ್ನನ್ನು ಕುರ್ಚಿಯಲ್ಲೇ ಕೂರಿಸಿದರು. ತಾಯಂದಿರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ಸಾಹೇಬರು ಚೀಲ ತರಿಸಿದರು, ಎಲ್ಲರೆದುರು ಬಿಚ್ಚಿದರು, ಮೂಸಿದರು. ಅನ್ನಪೂರ್ಣವ್ವನಿಗೆ ಹೇಳಿ ಒಂದು ಲೋಟ ಕಲಸಿಸಿ ತಾವೇ ಕುಡಿದರು. ಮೀಸೆ ಒರೆಸಿಕೊಂಡು, "ಬಾಳ ಚಲೋ ಐತಲ್ಲವ್ವಾ. ಎಲ್ಲೈತಿ ವಾಸನಿ?" ಎಂದರು. ಮಂದಿ ನಕ್ಕರು.

ಆಮೇಲೆ ತಮ್ಮ ಕೈಚೀಲದಿಂದ ಒಂದು ಕಾಗದ ತೆಗೆದರು. "ಸುಮ್ಮನ ಕುಡದಿಲ್ಲ ನಾನು. ಪರೀಕ್ಷಾ ಆಗಿ ಬಂದೈತಿ. ನೋಡ್ರಿ, ಸಹಿ ಮಾಡಿದಾಕಿ ಡಾಕ್ಟರ್ ರೋಹಿಣಿ ಅಂತ, ನಮ್ಮ ಬೆಟಗೇರಿ ಮಗಳು. ನೇಕಾರ್ರ ಮನ್ಯಾಗ ಹುಟ್ಟಿ ಅಷ್ಟ ಎತ್ತರಕ್ಕ ಹೋಗ್ಯಾಳ. ನಮ್ಮ ಹೆಣ್ಣಮಗಳು ನಮ್ಮ ಮಕ್ಕಳಿಗೆ ವಿಷಾ ಕೊಡಸ್ತಾಳೇನು?" ಎಂದರು. ಅವರ ಮುಖದಲ್ಲಿ ಹೆಮ್ಮೆ ಇತ್ತು. ನೀನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಮುದುಕವ್ವನಿಗೆ ಗೊತ್ತಿತ್ತು. ಮಾರ್ಚಿನಲ್ಲಿ ಲೋಟ ಅಳೆಯುವಾಗ ನಾನೇ ಜಂಬದಿಂದ ಹೇಳಿದ್ದೆನಲ್ಲ. "ತಡೀರಿ ಸಾಹೇಬ್ರ, ಅದು ಸುನಿತವ್ವನ ಅಕ್ಕನ ಹೆಸರಲ್ಲೇನು?" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಸಾಹೇಬರು, "ಖರೇನವ್ವಾ?" ಎಂದರು. ಹೌದು ಎಂದೆ. "ನಿಮ್ಮಕ್ಕನ ಚಲೋ ಐತಿ ಅಂತ ಸಹಿ ಮಾಡ್ಯಾಳ, ನೀ ಕೆಟ್ಟೈತಿ ಅಂತಿ. ಯಾಕವ್ವಾ? ಮನ್ಯಾಗ ಏನರ ಜಗಳಾ ಐತೇನ?" ಎಂದು ಕೇಳಿದರು.

ನಿನ್ನ ಕಾಗದ ಸುಟ್ಟಿರಲಿಲ್ಲ. ಆ ದಿನ ನನ್ನ ಕೈಚೀಲದಲ್ಲೇ ಇತ್ತು. ತೆಗೆದು ಕೊಟ್ಟಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೋ ಏನೋ, ನಿನ್ನದು ಹೋಗುತ್ತಿತ್ತು. ನಿನ್ನನ್ನು ಉಳಿಸಬೇಕೆಂದು ನಾನು ಸುಮ್ಮನಿರಲಿಲ್ಲ, ಹಾಗೆ ತಿಳಿಯಬೇಡ. ಅದನ್ನು ಅಲ್ಲಿ ಓದಿದರೆ ಕೊನೆಯ ಸಾಲನ್ನೂ ಓದಬೇಕಾಗುತ್ತಿತ್ತು. ಮೇಘಾಳಿಗೆ ಕೊಡಬೇಡ ಎಂಬುದನ್ನು. ಎಂಟು ಮಕ್ಕಳ ತಾಯಂದಿರು ಅದನ್ನು ಕೇಳಿಸಿಕೊಂಡು ನನ್ನ ಮುಖ ನೋಡುತ್ತಿದ್ದರು. ಅವರ ಮಕ್ಕಳಿಂದಲೂ ಹಾಲು ತೆಗೆದಿಟ್ಟವಳು ನಾನೇ ಆದರೂ, ಆ ಸಾಲು ಬಂದದ್ದು ನನ್ನ ಮನೆಗೆ. "ಹೌದ್ರೀ, ಜಗಳಾ ಐತಿ" ಎಂದೆ. ಸಾಹೇಬರು ಬರೆದುಕೊಂಡರು.

ಹದಿನೈದು ದಿನಕ್ಕೆ ಕೆಲಸದಿಂದ ತೆಗೆದ ಆದೇಶ ಬಂತು. ಹನ್ನೊಂದು ವರ್ಷ ಮಾಡಿದ ಕೆಲಸ. ಅಕ್ಕನ ಮೇಲಿನ ಸಿಟ್ಟಿಗೆ ಮಕ್ಕಳ ಹಾಲು ಕೆಡಿಸಿದಾಕೆ ಎಂದು ಊರಲ್ಲಿ ಮಾತು. ಇವರ ಟೇಲರ್ ಅಂಗಡಿಗೆ ಬರುವವರೂ ಅದನ್ನೇ ಕೇಳುತ್ತಾರೆ. ನಾನೀಗ ಮುಂಡರಗಿಯ ಒಂದು ಖಾನಾವಳಿಗೆ ರೊಟ್ಟಿ ಬಡಿಯುತ್ತೇನೆ.

ಅಂಗನವಾಡಿಗೆ ಹೊಸ ಟೀಚರ್ ಬಂದಿದ್ದಾಳೆ. ಬೀಗ ತೆಗೆದು ಅದೇ ಚೀಲಗಳ ಹಾಲು ಕೊಡುತ್ತಿದ್ದಾಳೆ. ಎಂಟು ಮಕ್ಕಳೂ ಕುಡಿಯುತ್ತವೆ. ಮುದುಕವ್ವನ ಅವಳಿಗಳು ಕೆನ್ನೆ ತುಂಬಿಕೊಂಡಿವೆ, ನಾನೇ ನೋಡಿದೆ.

ಮೇಘಾಳಿಗೆ ಎಮ್ಮೆಯ ಹಾಲು ತಂದೆವು. ಆಕೆಗೆ ಅದು ಒಗ್ಗಲಿಲ್ಲ, ವಾಂತಿ ಮಾಡಿದಳು. ನೀರು ಬೆರೆಸಿ ಕೊಟ್ಟೆ, ಆಕಳ ಹಾಲು ತಂದು ನೋಡಿದೆ, ರಾಗಿ ಗಂಜಿ ಮಾಡಿದೆ. ಡಿಸೆಂಬರ್ ಕೊನೆಗೆ ಏಳು ಕಿಲೊ ಒಂಬೈನೂರಕ್ಕೆ ಇಳಿದಳು. ನಿಂತರೆ ಕಾಲು ನಡುಗುತ್ತಿತ್ತು. ಮುಂಡರಗಿಯ ಡಾಕ್ಟರು ಕಣ್ಣಿನ ಕೆಳಗೆ ಎಳೆದು ನೋಡಿ, "ಅಂಗನವಾಡ್ಯಾಗ ಅಷ್ಟ ಚಲೋ ಪುಡಿ ಕೊಡ್ತಾರ, ಅದನ್ಯಾಕ ಬಿಡಿಸೀರಿ? ಹಿಂಗ ಬಿಟ್ರ ಕೂಸು ಉಳಿಯೂದಿಲ್ಲ" ಎಂದರು.

ನೀನೇ ಬರೆದಿದ್ದೆ, ಅಪಾಯ ಬಹಳ ಸಣ್ಣದು, ಮುಂದೆ ಎಂದೋ ಬರಬಹುದು ಎಂದು. ಹಸಿವೆಯ ಅಪಾಯ ಈಗಲೇ ಬರುವಂಥದ್ದಾಗಿತ್ತು. ಮೂರನೆಯ ತಾರೀಖಿಗೆ ನಾನೇ ಅವಳನ್ನು ಎತ್ತಿಕೊಂಡು ಹೋಗಿ ಆ ಎಂಟು ಮಕ್ಕಳ ಸಾಲಿನಲ್ಲಿ ಕೂರಿಸಿದೆ. ಮುದುಕವ್ವ ಅವಳಿಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು. ನನ್ನನ್ನು ನೋಡಲಿಲ್ಲ. ಮೇಘಾ ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದಳು, ಇನ್ನಷ್ಟು ಬೇಕೆಂದು ಅತ್ತಳು. ಹೊಸ ಟೀಚರ್ ನನ್ನ ಕಡೆ ನೋಡಿದಳು. ಕೊಡವ್ವಾ ಎಂದೆ.

ಹತ್ತು ದಿನದಲ್ಲಿ ಮುನ್ನೂರು ಗ್ರಾಂ ಏರಿದ್ದಾಳೆ. ನಿನ್ನೆ ತೂಕ ನೋಡಿ ಬಂದು ಇವರು ಓಣಿಯವರಿಗೆಲ್ಲ ಸಕ್ಕರೆ ಹಂಚಿದರು. ನಿನ್ನ ಕಾಗದದ ವಿಷಯ ಇವರಿಗೆ ಇನ್ನೂ ಗೊತ್ತಿಲ್ಲ. ನನಗೂ ಒಂದು ಚಿಟಿಕೆ ಕೊಟ್ಟರು. ಬಾಯಿಗೆ ಹಾಕಿಕೊಂಡೆ.

ಸುನಿತಾ